ಸೀಟಿನ ಎತ್ತರ ಅಲ್ಲ, ಮೊಣಕಾಲು ನೋಡಿ

ಸೆಕೆಂಡ್ ಹ್ಯಾಂಡ್ ಬೈಕ್ ಬಗ್ಗೆ ಬಂದ ಒಂದು ಲೇಖನದಲ್ಲಿ, ಎತ್ತರದವರು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬಿಟ್ಟು ಕೆಟಿಎಂ 390 ಅಡ್ವೆಂಚರ್ ತಗೊಳ್ಳಲಿ, ಅದರ ಸೀಟು ಎತ್ತರ ಅಂತ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ನಾನು ಆರಡಿ ಎರಡಿಂಚು, ಊರು ಸಿರುಗುಪ್ಪ. ಹೋದ ತಿಂಗಳು ಬಳ್ಳಾರಿಯಲ್ಲಿ ಎರಡನ್ನೂ ಓಡಿಸಿ ನೋಡಿದೆ.

ಹಳೇ ಕೆಟಿಎಂ ಸೀಟು 855 ಮಿ.ಮೀ., ಹಿಮಾಲಯನ್‌ದು 800. ಲೆಕ್ಕ ಸರಿ. ಆದರೆ ನಮ್ಮಂಥವರಿಗೆ ಕಾಲು ನೆಲಕ್ಕೆ ಸಿಗೋದು ಸಮಸ್ಯೆಯೇ ಅಲ್ಲ ಅಲ್ವಾ? ಸೀಟಿನಿಂದ ಫುಟ್‌ರೆಸ್ಟ್‌ಗೆ ಎಷ್ಟು ಜಾಗ ಇದೆ ಅನ್ನೋದು ಮುಖ್ಯ. ಮೊಣಕಾಲು ಜಾಸ್ತಿ ಮಡಚಿ ಕೂತರೆ ಸ್ವಲ್ಪ ದೂರಕ್ಕೇ ನೋವು ಶುರು. ಹಿಮಾಲಯನ್‌ನಲ್ಲಿ ಟ್ಯಾಂಕ್ ಪಕ್ಕದ ಕಂಬಿಯನ್ನೂ ನೋಡಿ. ಹಳೇ ಗಾಡಿಗಳಲ್ಲಿ ಅದು ಎತ್ತರದವರ ಮೊಣಕಾಲಿಗೇ ತಾಗುತ್ತದೆ. 2021ರಲ್ಲಿ ಕಂಪನಿಯೇ ಅದನ್ನು ಚಿಕ್ಕದು ಮಾಡಿತು. ಹಾಗಾಗಿ ಆಮೇಲಿನ ಮಾಡೆಲ್ಲೇ ಹುಡುಕಿ.

ನಾನು ತಗೊಂಡಿದ್ದು ಹಿಮಾಲಯನ್. ದಿನಾ ಕಾಲುವೆ ಏರಿ ಮೇಲೆ ಗದ್ದೆಗೆ ಹೋಗಬೇಕು, ಅಲ್ಲಿ ಎದ್ದು ನಿಂತೇ ಓಡಿಸೋದು. ಮೊದಲ ದಿನ ಹ್ಯಾಂಡಲ್ ಹಿಡಿಯಲು ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಹ್ಯಾಂಡಲ್ ಎತ್ತರ ಮಾಡುವ ರೈಸರ್ ಹಾಕಿಸಿದ ಮೇಲೆ ಆರಾಮಾಗಿದೆ. ಹಾಕಿಸುವಾಗ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಬಿಗಿಯುತ್ತಾ ನೋಡಿಕೊಳ್ಳಿ.

ಹೈವೇ ಓಡಾಟವೇ ಜಾಸ್ತಿ ಇದ್ದವರಿಗೆ ಕೆಟಿಎಂ ಸರಿ. ಶಕ್ತಿಯಲ್ಲಿ ಹಿಮಾಲಯನ್‌ನ 24 ಎಚ್‌ಪಿ ಎಲ್ಲಿ, ಕೆಟಿಎಂನ 43 ಎಲ್ಲಿ! ಲಾರಿ ಹಿಂದೆ ಹಾಕುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ಯಾವುದೇ ತಗೊಳ್ಳಿ, ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್ ಕೊಳವೆ) ಮೇಲೆ ಬೆರಳಾಡಿಸಿ. ನಮ್ಮ ಕಡೆ ಕೆಂಪು ಧೂಳು ಜಾಸ್ತಿ. ಎಣ್ಣೆ ಜೊತೆ ಅದು ಬೆರಳಿಗೆ ಅಂಟಿದರೆ ಎಣ್ಣೆ ತಡೆಯುವ ಸೀಲ್ ಹೋಗಿದೆ ಅಂತಲೇ ತಿಳಿದು ರೇಟ್ ಮಾತಾಡಿ.