ಚಪ್ಪಡಿ ಸಂದಿಯ ಗೋಣಿ ಸೊಪ್ಪು

ನಿನ್ನೆ ಮಧ್ಯಾಹ್ನ ನಮ್ಮ ಬಾಡಿಗೆ ಮನೆ ನೋಡಿಕೊಳ್ಳುವ ಏಜೆನ್ಸಿಯಿಂದ ಒಂದು ಮೇಲ್ ಬಂತು. ಜೊತೆಗೆ ಒಂದಷ್ಟು ಫೋಟೊ. ಬಾಡಿಗೆ ತಡ ಮಾಡಿಲ್ಲ, ಗೋಡೆಗೆ ಮೊಳೆ ಹೊಡೆದಿಲ್ಲ, ಇದೇನಪ್ಪಾ ಅಂತ ತೆರೆದೆ. ನೋಡಿದರೆ ನಮ್ಮ ಮನೆ ಮುಂದಿನ ಸಿಮೆಂಟ್ ಚಪ್ಪಡಿಗಳು. ಚಪ್ಪಡಿ ಸಂದಿಯಲ್ಲಿ ಎದ್ದಿರುವ ಹುಲ್ಲಿಗೆಲ್ಲ ಕೆಂಪು ಸುತ್ತು. ಕೊಲೆ ನಡೆದ ಜಾಗದಲ್ಲಿ ಪೊಲೀಸರು ಗುರುತು ಹಾಕ್ತಾರಲ್ಲ, ಹಾಗೆ. ಎರಡು ವಾರದೊಳಗೆ ಕಳೆ ತೆಗೆಯಬೇಕಂತೆ, ಆಮೇಲೆ ಮತ್ತೆ ನೋಡಲು ಬರ್ತಾರಂತೆ.

ನಾನು ಮಂಡ್ಯ ಜಿಲ್ಲೆಯ ರೈತರ ಮನೆ ಹುಡುಗಿ. ಮಗಳು ಕಳೆ ಕೀಳೋದು ಬೇಡ ಅಂತಲೇ ನಮ್ಮಪ್ಪ ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದರು. ಇದನ್ನು ಅವರಿಗೆ ಯಾವ ಬಾಯಲ್ಲಿ ಹೇಳಲಿ?

ನಾವಿರುವುದು ನ್ಯೂನೆನ್‌ನಲ್ಲಿ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಊರಿಗೆ ಅಂಟಿಕೊಂಡ ಹಳ್ಳಿ. ಚಿತ್ರಕಾರ ವ್ಯಾನ್ ಗೋ 1883ರಿಂದ 1885ರವರೆಗೆ ಇಲ್ಲೇ ಇದ್ದ. ಮಣ್ಣು ಅಗೆದ ಕೈಯಲ್ಲೇ ಆಲೂಗಡ್ಡೆ ತಿನ್ನುವ ರೈತರ ಚಿತ್ರ ಬರೆದದ್ದೂ ಇಲ್ಲೇ. ಈಗ ಆ ಮಣ್ಣು ಎಲ್ಲಿದೆ ಅಂತ ಹುಡುಕಬೇಕು. ಮನೆ ಮುಂದೆ ಚಪ್ಪಡಿ, ಹಿಂದೆ ಚಪ್ಪಡಿ, ಸೈಕಲ್ ನಿಲ್ಲಿಸೋಕೆ ಚಪ್ಪಡಿ. ಹಳ್ಳಿ ಅಂದಮೇಲೆ ಒಂದಿಷ್ಟು ಗಲಾಟೆ ಇರಬೇಕು ಅಲ್ವಾ? ಇಲ್ಲಿ ಭಾನುವಾರ ಪಕ್ಕದ ಮನೆಯವರು ಕಾಫಿ ಕಪ್ ಕೆಳಗಿಟ್ಟರೆ ನಮಗೆ ಕೇಳುತ್ತದೆ.

ಮನೆ ಸಿಕ್ಕಿದ್ದೇ ದೊಡ್ಡ ಪುಣ್ಯ, ಆ ಕತೆ ಬೇಡ. ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಚಿಪ್ ಯಂತ್ರ ಮಾಡುವ ಎಎಸ್‌ಎಂಎಲ್ ಇರೋದರಿಂದ ಜಗತ್ತಿನ ಇಂಜಿನಿಯರುಗಳೆಲ್ಲ ಈ ಸುತ್ತಲಿನ ಹಳ್ಳಿಗಳಲ್ಲೇ ಮನೆ ಹುಡುಕುತ್ತಿದ್ದಾರೆ. ನಮಗೆ ಸಿಕ್ಕಿದ್ದು ಬರೀ ಮನೆ. ಬರೀ ಅಂದರೆ ಫ್ರಿಜ್ಜು, ಮಂಚ ಇಲ್ಲ ಅಂತ ಅಲ್ಲ. ನೆಲವೇ ಇಲ್ಲ. ಹಿಂದೆ ಇದ್ದವರು ಲ್ಯಾಮಿನೇಟ್ ನೆಲ ಕಿತ್ತು ಸುತ್ತಿಕೊಂಡು ಹೋಗಿದ್ದರು, ಹೋಗ್ತಾ ಬಲ್ಬಿನ ಹೋಲ್ಡರನ್ನೂ ಬಿಡಲಿಲ್ಲ. ಇಲ್ಲಿ ಇದು ಮಾಮೂಲು. ಒಳಗಿನ ನೆಲಕ್ಕೆ ನಾವು ದುಡ್ಡು ಸುರಿದೆವು. ಹೊರಗಿನ ನೆಲ ಮಾತ್ರ ಭದ್ರವಾಗಿ ಹಾಗೇ ಇತ್ತು. ಯಾಕೆ ಅಂತ ಈಗ ಅರ್ಥವಾಗ್ತಿದೆ.

ಬೆಂಗಳೂರಿನ ಓನರ್‌ಗಳನ್ನು ನೆನೆಸಿಕೊಂಡರೆ ಇಲ್ಲಿ ಸ್ವರ್ಗ ಅಂತ ಮೊದಲು ಅನ್ನಿಸಿದ್ದು ನಿಜ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಿದ್ದರು. ಇಲ್ಲಿ 2023ರ ಜುಲೈಯಿಂದ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವಂತೆಯೇ ಇಲ್ಲ. ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಲಿಲ್ಲ. ನೆಂಟರು ಎಷ್ಟು ದಿನ ಇರ್ತಾರೆ ಅಂತಲೂ ಕೇಳಲಿಲ್ಲ. ಮನೆಯೊಳಗೆ ನಾನು ಕರಿಮೀನು ಹುರಿಯಲಿ, ಕೈಮ ಮಾಡಲಿ, ಯಾರಿಗೂ ಚಿಂತೆಯಿಲ್ಲ. ಬಾಗಿಲಿನಿಂದ ಆಚೆಗೆ ಹುಲ್ಲೊಂದು ತಲೆಯೆತ್ತಿದರೆ ಮಾತ್ರ ಇಡೀ ಬೀದಿಗೆ ನಿದ್ದೆ ಬರುವುದಿಲ್ಲ.

ಏಜೆನ್ಸಿಯವರ ಜೊತೆ ಜಗಳ ಆಡೋಣ ಅಂತ ಕಾನೂನು ಹುಡುಕಿದೆ. ಬಾಡಿಗೆದಾರರೇ ಮಾಡಿಕೊಳ್ಳಬೇಕಾದ ಸಣ್ಣಪುಟ್ಟ ಕೆಲಸಗಳದ್ದೊಂದು ಸರ್ಕಾರಿ ಪಟ್ಟಿ ಇದೆ, 2003ರದ್ದು. ನಲ್ಲಿಯ ವಾಷರ್ ಬದಲಾಯಿಸುವುದು, ಬೇಲಿ ಕತ್ತರಿಸುವುದು, ಒಡೆದ ಚಪ್ಪಡಿ ಬದಲಾಯಿಸುವುದು. ಅದರಲ್ಲೇ ಬರೆದಿದೆ: ಚಪ್ಪಡಿಗಳ ನಡುವಿನ ಕಳೆ ಆಗಾಗ ತೆಗೆಯುವುದು. ಇಪ್ಪತ್ತು ವರ್ಷದ ಹಿಂದೆಯೇ ಯಾರೋ ಪುಣ್ಯಾತ್ಮರು ಕೂತು, ಈ ಸಂದಿಯನ್ನು ನೆನಪಿಟ್ಟು, ನನ್ನ ಹೆಸರಿಗೆ ಬರೆದಿಟ್ಟಿದ್ದಾರೆ.

ಸರಿ, ಚಪ್ಪಡಿಯನ್ನೇ ಎತ್ತಿಬಿಟ್ಟರೆ? ಇದು ನನ್ನ ತಲೆಹರಟೆ ಅಲ್ಲ. ಈ ದೇಶದಲ್ಲಿ ಚಪ್ಪಡಿ ಕೀಳುವ ರಾಷ್ಟ್ರೀಯ ಸ್ಪರ್ಧೆಯೇ ನಡೆಯುತ್ತದೆ, 2021ರಿಂದ. ಮಳೆನೀರು ಇಂಗಲಿ, ಬೇಸಿಗೆಯ ಕಾವು ತಗ್ಗಲಿ ಅಂತ ಊರೂರುಗಳು ಪೈಪೋಟಿಗೆ ಬಿದ್ದು ಚಪ್ಪಡಿ ಕಿತ್ತು ಗಿಡ ನೆಡುತ್ತವೆ. ನಾನೂ ದೇಶಸೇವೆ ಮಾಡಲಾ ಅಂತ ಏಜೆನ್ಸಿಗೆ ಬರೆದೆ. ಮನೆ ಬಿಡುವಾಗ ಎಲ್ಲವೂ ಮೊದಲಿನಂತೆಯೇ ಇರಬೇಕು, ಒಂದು ಚಪ್ಪಡಿಯನ್ನೂ ಮುಟ್ಟಕೂಡದು ಅಂತ ಉತ್ತರ ಬಂತು. ನೆಲ ಕಿತ್ತುಕೊಂಡು ಹೋದ ಹಿಂದಿನವರ ನೆನಪಾಗಿ ಮೈ ಉರಿಯಿತು.

ಈಗ ಪಕ್ಕದ ಮನೆ ಅಜ್ಜನ ವಿಷಯಕ್ಕೆ ಬರೋಣ. ಡಚ್ಚರು ಮುಖಕ್ಕೆ ಹೊಡೆದಂತೆ ಮಾತಾಡ್ತಾರೆ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಅಜ್ಜನನ್ನು ಅವರು ನೋಡಿಲ್ಲ ಅಷ್ಟೇ. ಶನಿವಾರ ಬೆಳಿಗ್ಗೆ ಕಾಫಿ ಮುಗಿಸಿ ಅಜ್ಜ ಹೊರಗೆ ಬರ್ತಾರೆ. ಕೈಯಲ್ಲಿ ತುದಿ ಬಾಗಿದ ಒಂದು ಸಣ್ಣ ಕತ್ತಿ, ಕಂಕುಳಲ್ಲಿ ಮಂಡಿಗೆ ಹಾಕಿಕೊಳ್ಳುವ ಸ್ಪಂಜು. ಬಾಗಿಲ ಬುಡದಿಂದ ಶುರು. ಒಂದೊಂದೇ ಸಂದಿಗೆ ಕತ್ತಿ ಹಾಕಿ ಕೆರೆಯುತ್ತಾ ಬರ್ತಾರೆ. ಆ ಕರಕರ ಸದ್ದೇ ನಮಗೆ ಅಲಾರಂ. ಅವರ ಚಪ್ಪಡಿ, ನಮ್ಮ ಚಪ್ಪಡಿ ಸೇರುವ ಕಡೆ ಗೋಡೆಯಿಲ್ಲ, ಬೇಲಿಯಿಲ್ಲ, ಒಂದು ಸಂದಿ ಮಾತ್ರ. ಅಲ್ಲಿಗೆ ಬಂದೊಡನೆ ಅಜ್ಜನ ಕೈ ನಿಲ್ಲುತ್ತದೆ.

ಒಮ್ಮೆ ಆ ಗಡಿ ಸಂದಿಯಲ್ಲಿ ಒಂದು ದಂಡೇಲಿಯನ್ ಗಿಡ ಎದ್ದಿತ್ತು. ಹಳದಿ ಹೂವು, ಎಲೆ ಆ ಕಡೆಗೂ ಈ ಕಡೆಗೂ ಹರಡಿತ್ತು. ಅಜ್ಜ ಏನು ಮಾಡ್ತಾರೋ ನೋಡೋಣ ಅಂತ ಕಿಟಕಿಯಲ್ಲಿ ನಿಂತೆ. ಅವರು ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ತಮ್ಮ ಕಡೆಗೆ ಚಾಚಿದ್ದ ಎಲೆಗಳನ್ನು ಮಾತ್ರ ನೀಟಾಗಿ ಕೊಯ್ದರು. ಬೇರನ್ನು ಮುಟ್ಟಲಿಲ್ಲ. ಬೇರು ಯಾರಿಗೆ ಸೇರಿದ್ದು ಅಂತ ತೀರ್ಮಾನ ಆಗಿರಲಿಲ್ಲವೇನೋ. ಅರ್ಧ ತಲೆ ಬೋಳಿಸಿಕೊಂಡ ಆ ಗಿಡ ನಮ್ಮ ಕಡೆ ವಾಲಿಕೊಂಡು ನಿಂತಿತು. ಅಜ್ಜ ಸೊಂಟ ಹಿಡಿದುಕೊಂಡು ಎದ್ದರು. ನಮ್ಮ ಚಪ್ಪಡಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. ಕಿಟಕಿಯಲ್ಲಿ ನನ್ನನ್ನು ಕಂಡು ಕೈಯೆತ್ತಿದರು. ನಾನು ಬಾಗಿಲು ತೆರೆಯಲೇಬೇಕಾಯಿತು.

“ಇವತ್ತು ಹವಾ ಚೆನ್ನಾಗಿದೆ” ಅಂದರು.

ಅಷ್ಟೇ. ಅದಕ್ಕಿಂತ ಜಾಸ್ತಿ ಅವರು ಯಾವತ್ತೂ ಹೇಳಿಲ್ಲ. ಜಿಟಿಜಿಟಿ ಮಳೆಯಲ್ಲೂ ಗಡಿ ಸಂದಿಯ ಮೇಲೆ ನಿಂತು ಅದನ್ನೇ ಹೇಳಿದ್ದಾರೆ. ನಮ್ಮವರು ಮೊದಮೊದಲು ಪಾಪ, ಹವಾ ಬಗ್ಗೆ ಉತ್ಸಾಹದಿಂದ ಮಾತಾಡ್ತಿದ್ದರು. ಸೂರ್ಯ ಬಂದಿದ್ದಾನೆ, ಗಾಳಿ ಕಡಿಮೆ ಅಂತ. ಅಜ್ಜ ತಲೆಯಾಡಿಸುತ್ತಾ ನಮ್ಮ ಹುಲ್ಲನ್ನೇ ನೋಡ್ತಿದ್ದರು.

ಕೊನೆಗೆ ಅವರಿಗೇ ಕನಿಕರ ಬಂತೇನೋ, ಒಂದು ದಿನ ತಮ್ಮ ಕಳೆ ಸುಡುವ ಬರ್ನರ್ ತಂದುಕೊಟ್ಟರು. ಉದ್ದ ಕೊಳವೆ, ಅದಕ್ಕೊಂದು ಗ್ಯಾಸ್ ಡಬ್ಬ, ತುದಿಯಲ್ಲಿ ಬುಸ್ಸೆನ್ನುವ ಬೆಂಕಿ. ಇಲ್ಲಿನ ಪುರಸಭೆಗಳು ಚಪ್ಪಡಿ ಮೇಲೆ ಗ್ಲೈಫೋಸೇಟ್ ಅನ್ನುವ ಕಳೆನಾಶಕ ಹೊಡೆಯದಂತೆ 2016ರಲ್ಲಿ ನಿಷೇಧ ಬಂತು, ಹಾಗಾಗಿ ಬಿಸಿನೀರು, ಬ್ರಷ್, ಬೆಂಕಿಗಳದ್ದೇ ಕಾರುಬಾರು. ಬೇಸಿಗೆ ಬಂದರೆ ಬೇಲಿ ಹತ್ತಿರ ಬರ್ನರ್ ಹಚ್ಚಬೇಡಿ ಅಂತ ಅಗ್ನಿಶಾಮಕದವರು ಬೇಡಿಕೊಳ್ಳುತ್ತಾರೆ, ಒಣಗಿದ ಕೋನಿಫರ್ ಗಿಡಗಳ ಬೇಲಿ ಭಗ್ಗನೆ ಹತ್ತಿಕೊಳ್ಳುತ್ತದೆ. ನಮ್ಮ ಎದುರು ಮನೆಯವರದು ಕೋನಿಫರ್ ಬೇಲಿ.

ನಾನು ಬೇಲಿಯಿಂದ ಮಾರು ದೂರ ನಿಂತು, ಉಸಿರು ಬಿಗಿಹಿಡಿದು ಬರ್ನರ್ ಹಚ್ಚಿದೆ. ಮೊದಲ ಹುಲ್ಲಿಗೆ ಬೆಂಕಿ ತಾಗಿಸಿದೆ. ಅದೇ ಕ್ಷಣ ಊರಿಗೆ ಊರೇ ನಡುಗುವಂತೆ ಸೈರನ್ ಕೂಗಿತು. ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ ದೇಶದ ತುಂಬ ಸೈರನ್ ಪರೀಕ್ಷೆ ಮಾಡ್ತಾರೆ, 1 ನಿಮಿಷ 26 ಸೆಕೆಂಡ್. ಇದು ನನಗೆ ಚೆನ್ನಾಗಿ ಗೊತ್ತು. ಆದರೆ ಕೈಯಲ್ಲಿ ಬೆಂಕಿ ಹಿಡಿದಾಗ ಯಾವ ಜ್ಞಾನವೂ ನೆನಪಿಗೆ ಬರಲ್ಲ. ಇಷ್ಟು ಬೇಗ ಫೈರ್ ಇಂಜಿನ್ ಕಳಿಸಿದರಾ, ಡಚ್ ವ್ಯವಸ್ಥೆ ಅಂದರೆ ವ್ಯವಸ್ಥೆ ಅನ್ನಿಸಿತು. ಬರ್ನರ್ ಆರಿಸುವ ತಿರುಪು ಯಾವ ಕಡೆ ಅಂತ ತಡಕಾಡುತ್ತಾ, “ಅಜ್ಜಾ!” ಅಂತ ಕನ್ನಡದಲ್ಲೇ ಕಿರುಚಿದೆ. ಅಜ್ಜ ಬೆಂಚಿನ ಮೇಲೆ ಕೂತಿದ್ದವರು ಏಳಲೂ ಇಲ್ಲ. ಕೈಗಡಿಯಾರ ನೋಡಿದರು. ಅರ್ಧ ನಿಮಿಷ ಹಿಂದಿತ್ತೇನೋ, ತಿರುಗಿಸಿ ಸರಿ ಮಾಡಿಕೊಂಡರು. ಬರ್ನರ್ ಅವತ್ತೇ ವಾಪಸು ಕೊಟ್ಟೆ.

ನಿನ್ನೆ ಮೇಲ್ ಓದಿದ ಸಿಟ್ಟಿನಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಹಿತ್ತಲಿಗೆ ಹೋಗಿ ಚಪ್ಪಡಿ ಸಂದಿ ತೋರಿಸಿದೆ. ನೋಡಮ್ಮ, ಇದಕ್ಕೆಲ್ಲ ನೋಟಿಸ್ ಕೊಡ್ತಾರೆ ಅಂದೆ. ಅಮ್ಮ ಕನ್ನಡಕ ಏರಿಸಿ ಫೋನಿಗೆ ಮುಖ ಹತ್ತಿಸಿದರು.

“ಅಯ್ಯೋ, ಗೋಣಿ ಸೊಪ್ಪು ಕಣೇ ಅದು! ಅದನ್ನ ಸುಡೋಕೆ ಹೋಗಿದ್ಯಾ?”

ನೋಡಿದರೆ ಹೌದು. ಕೆಂಪು ದಂಟು, ದಪ್ಪ ದಪ್ಪ ಪುಟ್ಟ ಎಲೆ. ಊರಲ್ಲಿ ಮಳೆ ಬಿದ್ದ ವಾರಕ್ಕೆ ಅಮ್ಮ ಮಡಿಲು ಕಟ್ಟಿಕೊಂಡು ಹೊಲದ ಬದುವಿನ ಮೇಲೆ ಬೆರಕೆ ಸೊಪ್ಪು ಕೀಳೋಕೆ ಹೋಗ್ತಿದ್ದರು. ಅಣ್ಣೆ ಸೊಪ್ಪು, ಹೊನಗೊನೆ, ಗೋಣಿ ಸೊಪ್ಪು. ನಾನು ಹಿಂದೆ ಹಿಂದೆ ಓಡಿ ಎಲ್ಲ ತಪ್ಪು ಗಿಡಗಳನ್ನೇ ಕಿತ್ತು ಮಡಿಲಿಗೆ ತುಂಬ್ತಿದ್ದೆ. ಅವರು ಬೈಯದೆ ಮನೆಗೆ ಬಂದು ಬೇರೆ ಮಾಡ್ತಿದ್ದರು. ಈಗ ಅವರಿಗೆ ಮಂಡಿನೋವು, ಬದುವಿಗೆ ಹೋಗಲ್ಲ. ಸೊಪ್ಪಿನವಳು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. “ನಿನ್ನ ಹಿತ್ತಲಲ್ಲೇ ಐತಲ್ಲ, ಪುಣ್ಯವಂತೆ” ಅಂದರು. ನನಗೆ ಮಾತು ಹೊರಡಲಿಲ್ಲ.

ಮನೆ ಮುಂದಿನ ಸಂದಿಯ ಸೊಪ್ಪನ್ನು ತಿನ್ನುವ ಹಾಗಿಲ್ಲ, ಊರಿನ ಅಷ್ಟೂ ನಾಯಿಗಳು ಅಲ್ಲೇ ವಾಕಿಂಗ್ ಬರುತ್ತವೆ. ಹಿತ್ತಲಿನದು ಕಿತ್ತು, ಮರಳು ಹೋಗುವವರೆಗೆ ತೊಳೆದು, ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡಿದೆ. ಒಂದು ಬಟ್ಟಲು ಅಜ್ಜನಿಗೂ ಕೊಟ್ಟು, ಇದು ಏನು ಗೊತ್ತಾ ಅಂತ ಗಿಡ ತೋರಿಸಿದೆ. ಅವರಿಗೆ ಗೊತ್ತಿತ್ತು! ಅವರಮ್ಮ ಇದೇ ಜಾತಿಯ ಸೊಪ್ಪನ್ನು ತೋಟದಲ್ಲಿ ಬೆಳೆದು ಆಲೂಗಡ್ಡೆ ಜೊತೆ ಬೇಯಿಸುತ್ತಿದ್ದರಂತೆ. ಬಟ್ಟಲು ಖಾಲಿ ಮಾಡಿ ಬಾಯಿ ಒರೆಸಿಕೊಂಡರು. ನನಗೆ ಗೆದ್ದ ಖುಷಿ. ಹಾಗಾದರೆ ಇದನ್ನು ಯಾಕೆ ಕೆರೆದು ಬಿಸಾಕ್ತೀರಿ ಅಂತ ಕೇಳಿದೆ. ಅಜ್ಜ ನನ್ನನ್ನು ವಿಚಿತ್ರವಾಗಿ ನೋಡಿದರು. ಅದು ತೋಟದಲ್ಲಿತ್ತು, ಇದು ಸಂದಿಯಲ್ಲಿದೆ ಅಂದರು. ಆಮೇಲೆ ನಮ್ಮ ಚಪ್ಪಡಿ ಕಡೆ ತಿರುಗಿ, ನಾಳೆಯೂ ಹವಾ ಚೆನ್ನಾಗಿರುತ್ತದಂತೆ ಅಂದರು.

ನಾಳೆ ಶನಿವಾರ. ಬಾಗಿದ ಕತ್ತಿ ತಂದಾಗಿದೆ, ಸ್ಪಂಜೂ ಬಂದಿದೆ. ಹಿತ್ತಲು ನನ್ನದು, ಮುಂದಿನದು ನಿಮ್ಮದು ಅಂತ ನಮ್ಮವರಿಗೆ ಹೇಳಿದ್ದೇನೆ. ಅವರು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, ಬೆಳಿಗ್ಗೆ ಒಂದು ಅರ್ಜೆಂಟ್ ಕಾಲ್ ಇದೆ ಕಣೆ ಅಂದರು.

ಶನಿವಾರ ಯಾವ ಕಾಲ್ ರೀ?