ಸೇರು ಅಂದುಕೊಂಡೆ, ಅರೆಪಾವು ಬಂತು

ಹೊಸ ಇಂಟರ್ನೆಟ್ ಬಂದ ವಾರ ನನ್ನ ನಡಿಗೆಯೇ ಬದಲಾಗಿತ್ತು. 100 ಎಂಬಿಪಿಎಸ್ ವೇಗ! ಪಕ್ಕದ ಮನೆಯವರದು ಇನ್ನೂ 40. ಕಾಂಪೌಂಡಿನ ಹತ್ತಿರ ನಿಂತು, ಬೇಕಂತಲೇ ಫೋನಿನಲ್ಲಿ ಜೋರಾಗಿ ಈ ನೂರರ ವಿಷಯ ಮಾತಾಡಿದ್ದೂ ಉಂಟು.

ಆ ಭಾನುವಾರ ಸಾಗರದಿಂದ ಸೋದರಮಾವ ಬಂದಿದ್ದರು. ಮಗಳ ಮದುವೆ ವಿಡಿಯೊದ ಲಿಂಕನ್ನು ಫೋಟೊಗ್ರಾಫರ್ ಕಳಿಸಿದ್ದ. ಒಟ್ಟು 24 ಜಿಬಿ. ಮಾವ ಆವತ್ತೇ ಕೊಂಡ ಹಾರ್ಡ್ ಡಿಸ್ಕಿಗೆ ಅದನ್ನು ಇಳಿಸಿಕೊಡಬೇಕು. ರಾತ್ರಿ ಬಸ್ಸು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೆಜೆಸ್ಟಿಕ್ ಮುಟ್ಟಬೇಕಾದರೆ ಎಂಟೂವರೆಗೆ ಮನೆ ಬಿಡಬೇಕು.

"ನಾಲ್ಕೇ ನಿಮಿಷ ಮಾವ, ನೀವು ಕಾಫಿ ಕುಡೀರಿ" ಅಂದೆ. ಸೆಕೆಂಡಿಗೆ ನೂರು ಎಂಬಿ, 24,000 ಎಂಬಿಗೆ 240 ಸೆಕೆಂಡು. ಲೆಕ್ಕ ಪಕ್ಕಾ. ಹಾಗಾಗಿ ಎಂಟೂಕಾಲಿಗೆ ಆರಾಮಾಗಿ ಡೌನ್‌ಲೋಡ್ ಒತ್ತಿದೆ.

ಪರದೆಯ ಮೇಲೆ ಬಂದದ್ದು ಸೆಕೆಂಡಿಗೆ 11 ಎಂಬಿ. ಉಳಿದ ಸಮಯ 36 ನಿಮಿಷ.

ಕಾಫಿ ಮುಗಿಯಿತು. ಮಾವ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತರು. ನಾನು ಕಸ್ಟಮರ್ ಕೇರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸಲಿ ಅಂತ ಸ್ಪೀಕರ್ ಆನ್ ಮಾಡಿದೆ. ಅದೇ ತಪ್ಪಾಯಿತು.

"ನೂರು ಅಂತ ದುಡ್ಡು ತಗೊಂಡು ಹನ್ನೊಂದು ಕೊಡ್ತೀರಾ?"

"ಸರ್, ನಾವು ಹೇಳೋದು ಇಂಗ್ಲಿಷಿನ ಚಿಕ್ಕ ಬಿ. ನೀವು ನೋಡ್ತಿರೋದು ದೊಡ್ಡ ಬಿ. ಚಿಕ್ಕದು ಬಿಟ್, ದೊಡ್ಡದು ಬೈಟ್. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿ ಸರ್."

ಹುಡುಗನ ಸಮಾಧಾನ ನೋಡಿದರೆ ದಿನಕ್ಕೆ ನನ್ನಂಥ ಹತ್ತು ಜನಕ್ಕೆ ಇದನ್ನೇ ಹೇಳುತ್ತಿರಬೇಕು. ಭಾಗಿಸಿದೆ. ಹನ್ನೆರಡೂವರೆ.

ಮನೆಯಲ್ಲಿ ಕಂಪ್ಯೂಟರ್ ಪಂಡಿತ ಅಂತ ಇದ್ದವನು ನಾನು. ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದ ಮಾವ ಮಾತ್ರ ಒಂದೇ ಏಟಿಗೆ ಹಿಡಿದರು. "ಅಯ್ಯೋ, ಅವರು ಅರೆಪಾವಿನ ಲೆಕ್ಕ ಹೇಳಿದ್ದಾರೆ. ನೀನು ಸೇರು ಅಂದ್ಕೊಂಡೆ. ಸೇರಿಗೆ ನಾಲ್ಕು ಪಾವು, ಎಂಟು ಅರೆಪಾವು. ಸರಿಯಾಗೇ ಇದೆಯಲ್ಲ!"

"ಆದರೂ ಹನ್ನೆರಡೂವರೆ ಬರಬೇಕಿತ್ತು, ಹನ್ನೊಂದು ಬರ್ತಿದೆ" ಅಂತ ಗೊಣಗಿದೆ. ಕಳಿಸುವ ಪ್ರತಿ ತುಂಡಿನ ಜೊತೆ ಎಲ್ಲಿಂದ ಎಲ್ಲಿಗೆ ಅನ್ನುವ ವಿಳಾಸವೂ ಬರುತ್ತೆ, ವೈಫೈ ಒಂದಿಷ್ಟು ತಿನ್ನುತ್ತೆ, ಅಂದ ಹುಡುಗ.

"ಗೋಣಿಚೀಲದ ತೂಕ ಕಳೀಬೇಕಲ್ವಾ" ಅಂದರು ಮಾವ. ಹುಡುಗ ಫೋನಿನಲ್ಲೇ ನಕ್ಕ.

ನನ್ನ ಮಾನ ಕಾಯುವುದಕ್ಕೆ ಒಂದು ಮಾತು ಹೇಳುತ್ತೇನೆ. 1956ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ಬೈಟ್ ಅನ್ನುವ ಪದ ಹುಟ್ಟಿಸಿದಾಗ, ಬಿಟ್ ಜೊತೆ ಗಲಿಬಿಲಿ ಆಗದಿರಲಿ ಅಂತಲೇ ಅದರ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಐ ಬದಲು ವೈ ಹಾಕಿದರಂತೆ. ಹೆಸರಿಟ್ಟವರಿಗೇ ಭಯವಿತ್ತು! ಆಮೇಲೆ ಬಂದವರು ಎರಡನ್ನೂ ಬರೀ ಒಂದು ಬಿ ಮಾಡಿ, ಚಿಕ್ಕದು ದೊಡ್ಡದು ಅಂತ ಬಿಟ್ಟರು. ನಮ್ಮ ಅಕ್ಷರಗಳಲ್ಲಿ ಆ ಚಿಕ್ಕದು ದೊಡ್ಡದರ ಜಗಳವೇ ಇಲ್ಲ. ಜಾಹೀರಾತಿನಲ್ಲಿ ಬಿಟ್ ಅಂತ ಪೂರ್ತಿ ಬರೆದಿದ್ದರೆ ನಾನು ಕಾಂಪೌಂಡಿನ ಹತ್ತಿರ ಹೋಗುತ್ತಲೇ ಇರಲಿಲ್ಲ.

ಎಂಟು ಐವತ್ತೊಂದಕ್ಕೆ ವಿಡಿಯೊ ಇಳಿಯಿತು. ಆಟೊ ಬಾಗಿಲಲ್ಲಿ ನಿಂತಿತ್ತು. ಮಾವ ಹೊರಡುವ ಮುಂಚೆ ಸುಮ್ನೆ ಒಮ್ಮೆ ಪರದೆ ನೋಡಿದರು.

"ಇದು 1 ಟಿಬಿ, ಅಂದ್ರೆ ಸಾವಿರ ಜಿಬಿ ಅಂತ ಡಬ್ಬಿ ಮೇಲಿದೆ. ಇಲ್ಲಿ 931 ಜಿಬಿ ಅಂತಿದೆ. ಮಿಕ್ಕಿದ್ದು ಎಲ್ಲಿ ಹೋಯ್ತು?"

ಡಬ್ಬಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಇದೊಂದು ನಿಜವಾಗಿಯೂ ಗೊತ್ತಿತ್ತು. ಆದರೆ ಮಾವ ಆಗಲೇ ಚಪ್ಪಲಿ ಬಿಚ್ಚಲು ಶುರು ಮಾಡಿದ್ದರು.

"ಗೋಣಿಚೀಲ ಮಾವ" ಅಂದು ಅವರ ಬ್ಯಾಗನ್ನು ಆಟೊದೊಳಗೆ ಇಟ್ಟೆ.