ಗನ್ನಿಗೆ ‘ಕೋವಿ’ ಅಂತಲೇ ಬರೆಯಬೇಕೇ?

ಪರ

ಹೌದು, ಬರೆಯಬೇಕು. ಇದು ನಮ್ಮದೇ ಪದ. ಕೋವಿ ಎಂದರೆ ಮೊದಲ ಅರ್ಥ ಕೊಳವೆ. ತೆಲುಗಿನಲ್ಲಿ ಇದರ ಒಡಹುಟ್ಟು ‘ಕ್ರೋವಿ’. ಅವರು ಕೊಳಲಿಗೆ ಪಿಲ್ಲನಗ್ರೋವಿ ಅನ್ನುವುದು ಇದರಿಂದಲೇ. ಮದ್ದುಗುಂಡಿನ ಆಯುಧ ಬಂದಾಗ ಅದರ ಉದ್ದನೆಯ ನಳಿಗೆಗೆ ಈ ಹಳೆಯ ಹೆಸರು ಸಲೀಸಾಗಿ ಹೊಂದಿಕೊಂಡಿತು.

ಮಲೆನಾಡು, ಕೊಡಗು, ಕರಾವಳಿ ಕಡೆ ಇವತ್ತಿಗೂ ಎಲ್ಲರ ಬಾಯಲ್ಲೂ ಕೋವಿಯೇ. ಅದರ ಜೊತೆಗೆ ಪದಗಳ ಒಂದು ಸಂಸಾರವೇ ಇದೆ. ಕೇಪಿನ ಕೋವಿಯನ್ನೇ ನೋಡಿ. ನಳಿಗೆಯ ಬಾಯಿಂದ ಮಸಿ, ಅಂದರೆ ಮದ್ದಿನ ಪುಡಿ, ಸುರಿಯಬೇಕು. ಅದರ ಮೇಲೆ ನಾರು ತುರುಕಿ, ಸರಳಿನಿಂದ ಜಡಿಯಬೇಕು. ಆಮೇಲೆ ಚರೆ, ಅಂದರೆ ಸಣ್ಣ ಗುಂಡುಗಳನ್ನು ಹಾಕಿ, ಅದು ಉದುರದಂತೆ ಮತ್ತೆ ನಾರು. ಕೊನೆಗೆ ಹಿಂದುಗಡೆ ಕಿಡಿ ಹೊತ್ತಿಸುವ ಕೇಪು ಕೂರಿಸಿದರೆ ಒಂದು ಈಡಿಗೆ, ಅಂದರೆ ಒಂದು ಸಲ ಹೊಡೆಯಲು, ತಯಾರು. ಮದ್ದು, ಚರೆ ಎಲ್ಲ ಮೊದಲೇ ತುಂಬಿರುವ ತೋಟೆ ಹಾಕುವ ಕೋವಿಗೆ ಇಷ್ಟೆಲ್ಲ ರಗಳೆ ಇಲ್ಲ. ಅದರಲ್ಲಿ ಒಂಟಿನಳಿಗೆ, ಜೋಡುನಳಿಗೆ ಅಂತ ಎರಡು ಬಗೆ.

ಕಾಡುಹಂದಿಯಿಂದ ಬೆಳೆ ಉಳಿಸಿಕೊಳ್ಳಲು ರೈತರು ಲೈಸೆನ್ಸ್ ಮಾಡಿಸುವುದು ಕೋವಿಗೆ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡುವುದೂ ಕೋವಿಯನ್ನೇ. ಇಷ್ಟು ದುಡಿಯುವ ಪದ ಕೈಯಲ್ಲಿದ್ದೂ ಸುದ್ದಿಯಲ್ಲಿ ‘ಗನ್’ ಅಂತ ಬರೆಯುವುದನ್ನು ನೋಡಿದರೆ ಬೇಜಾರಾಗುತ್ತದೆ. ಬಳಸದೆ ಬಿಟ್ಟರೆ ಕೋವಿಯ ಜೊತೆ ಈಡು, ಚರೆ, ತೋಟೆಯೂ ಹೋಗುತ್ತವೆ.

ವಿರೋಧ

ಕೋವಿ ಒಳ್ಳೆಯ ಪದ. ನನ್ನ ತಕರಾರು ‘ಅಂತಲೇ’ ಅನ್ನುವ ಹಟದ ಬಗ್ಗೆ ಮಾತ್ರ. ರಾಜ್ಯದ ಎಷ್ಟೋ ಕಡೆ ಜನರಿಗೆ ಬಾಯಿಗೆ ಬರುವುದು ಬಂದೂಕು. ಅದೂ ಕನ್ನಡವೇ ಅಲ್ವಾ?

ಬಂದೂಕು ಹೊರಗಿನಿಂದ ಬಂದದ್ದು ನಿಜ, ಆದರೆ ಅದು ಬಂದ ದಾರಿ ಬಹಳ ಚೆಂದ. ಕಪ್ಪು ಸಮುದ್ರದ ದಂಡೆಯ ಪೊಂಟಸ್ ಸೀಮೆಯ ಒಂದು ಕಾಯಿಗೆ ಗ್ರೀಕರು ಆ ಸೀಮೆಯ ಹೆಸರನ್ನೇ ಇಟ್ಟಿದ್ದರು. ಅದು ಅರಬ್ಬಿಗೆ ಹೋಗಿ ‘ಬುಂದುಕ್’ ಆಯಿತು. ಕಾಯಿಯ ಹೆಸರು ಅದರಂತೆ ದುಂಡಗಿರುವ ಗುಂಡಿಗೆ ಬಂತು, ಗುಂಡಿನಿಂದ ಅದನ್ನು ಹಾರಿಸುವ ಆಯುಧಕ್ಕೆ ಬಂತು. ಪಾರ್ಸಿ, ಹಿಂದೂಸ್ತಾನಿ ದಾಟಿ ನಮ್ಮಲ್ಲಿಗೆ ತಲುಪಿತು. ಬಂದೂಕಿನ ಇನ್ನೊಂದು ಹೆಸರಾದ ತುಪಾಕಿ ತುರ್ಕಿಯ ಕಡೆಯದು. ಯುರೋಪಿನವರನ್ನು ಫಿರಂಗಿಗಳು ಅನ್ನುತ್ತಿದ್ದರು, ಆ ಹೆಸರು ತೋಪಿಗೂ ಅಂಟಿಕೊಂಡಿತು.

ಇದು ಬರೀ ಪದಗಳ ಕತೆಯಲ್ಲ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕಿನವರಿದ್ದರು. ಅವರು ಕೋಟೆಯ ಮೇಲಿದ್ದವರತ್ತ ಗುಂಡು ಹಾರಿಸಿದರು, ಕೆಳಗಿದ್ದ ಸೈನಿಕರು ಗೋಡೆಯ ಕಲ್ಲು ಕಿತ್ತರು. ಆಯುಧ ಹೀಗೆ ನಾನಾ ಜನರ ಕೈ ದಾಟಿ ನಮ್ಮ ನೆಲಕ್ಕೆ ಬಂದಿದೆ. ಆ ಗುರುತು ಉಳಿದಿರುವುದು ಈ ಹೆಸರುಗಳಲ್ಲೇ.

ಕೋವಿ ಸಲ್ಲುವ ಕೊಡಗಿನಲ್ಲೂ ಅದೊಂದೇ ಪದವಿಲ್ಲ. ಕೊಡವರ ಮಾತಿನಲ್ಲಿ ಅದು ‘ತೋಕ್’. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಮಾಡಿ, ನಳಿಗೆಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸುತ್ತಾರೆ. ಅಲ್ಲಿ ಆ ಪದವೇ ಇರಲಿ.

ಇನ್ನೊಂದು ಮಾತು. ಕೋವಿ ಅಂದರೆ ಹೆಗಲಿಗೆ ಆನಿಸಿ ಹೊಡೆಯುವ, ಉದ್ದ ನಳಿಗೆಯ ಆಯುಧ. ಸೊಂಟದಲ್ಲಿ ಇಟ್ಟುಕೊಳ್ಳುವ ಪಿಸ್ತೂಲನ್ನು ಯಾರೂ ಹಾಗೆ ಕರೆಯುವುದಿಲ್ಲ. ಕೊಲೆ ಕೇಸಿನ ವರದಿಯಲ್ಲಿ ಪಿಸ್ತೂಲಿನ ಜಾಗಕ್ಕೆ ಕೋವಿ ಹಾಕಿದರೆ ಓದುವವರು ಬೇರೆಯದೇ ಆಯುಧವನ್ನು ಊಹಿಸಿಕೊಳ್ಳುತ್ತಾರೆ.